ಸಕ್ಕರೆ ಕಾಯಿಲೆ ಮತ್ತು ನಮ್ಮ ಮಿದುಳು

(ಸಂಘದ ಮಹಿಳಾ ವಿಭಾಗದ ಆರೋಗ್ಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಡಯಾಬಿಟೀಸ್ ಬಗ್ಗೆ ಮಾತಾಡಬೇಕು ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು ಒಂದು ಮಾತು ಹೇಳಿದೆ. ಕಣ್ಣು, ಕಿಡ್ನಿ, ಕಾಲಿನ ಗಾಯ, ಹೃದಯ, ಇವುಗಳ ಬಗ್ಗೆ ನಮ್ಮ ಹೆಣ್ಣುಮಕ್ಕಳು ಬಹಳಷ್ಟು ಕೇಳಿದ್ದಾರೆ. ಮಿದುಳಿನ ಬಗ್ಗೆ ಯಾರೂ ಹೇಳುವುದಿಲ್ಲ, ಇವತ್ತು ಅದನ್ನೇ ತೆಗೆದುಕೊಳ್ಳುತ್ತೇನೆ ಅಂತ. ಮೂವತ್ತು ವರ್ಷಗಳಿಂದ ಡೊಂಬಿವಲಿಯಲ್ಲಿ ಫಿಜಿಶಿಯನ್ ಆಗಿ ರೋಗಿಗಳನ್ನು ನೋಡುತ್ತಿದ್ದೇನೆ. ‘ಅಮ್ಮನಿಗೆ ಈಗೀಗ ಮರೆವು ಜಾಸ್ತಿ’, ‘ಅತ್ತೆ ಬೆಳಿಗ್ಗೆ ಹೊತ್ತು ಸುಮ್ಮಸುಮ್ಮನೆ ರೇಗುತ್ತಾರೆ’ ಎನ್ನುವ ದೂರುಗಳ ಹಿಂದೆ ಎಷ್ಟೋ ಸಲ ಸಕ್ಕರೆಯ ಏರಿಳಿತ ಇರುತ್ತದೆ. ಅದನ್ನು ಗುರುತಿಸಿದರೆ ಮಾಡಬಹುದಾದದ್ದು ಸಾಕಷ್ಟಿದೆ.

ಮೊದಲು ಇದರ ಹರವು ಎಷ್ಟು ಎಂದು ನೋಡೋಣ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಇಂಡಿಯಾಬ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಡಯಾಬಿಟೀಸ್ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಅದೇ ವರ್ಷ ಬಂದ ಇನ್ನೊಂದು ರಾಷ್ಟ್ರೀಯ ಅಧ್ಯಯನ, 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ ಇದೆ ಎಂದು ಹೇಳಿತು. ಅದರಲ್ಲಿ ಗಂಡಸರಿಗಿಂತ ಹೆಂಗಸರ ಪ್ರಮಾಣವೇ ಹೆಚ್ಚು. ಈ ಎರಡು ಕಾಯಿಲೆಗಳು ಒಂದೇ ಮನೆಯಲ್ಲಿ, ಒಂದೇ ವ್ಯಕ್ತಿಯಲ್ಲಿ ಸೇರಿದಾಗ ಏನಾಗುತ್ತದೆ ಎನ್ನುವುದೇ ಇವತ್ತಿನ ವಿಷಯ.

ಮಿದುಳು ಮತ್ತು ಅದರ ಸಕ್ಕರೆ

ನಮ್ಮ ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿರುವಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲು ಅದಕ್ಕೇ ಹೋಗುತ್ತದೆ. ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಗ್ಲೂಕೋಸ್ ಅದಕ್ಕೆ ಬೇಕು. ಲಿವರ್‌ಗೆ, ಮಾಂಸಖಂಡಗಳಿಗೆ ಸಕ್ಕರೆಯನ್ನು ಕೂಡಿಡುವ ವ್ಯವಸ್ಥೆ ಇದೆ. ಮಿದುಳಿಗೆ ಹೇಳಿಕೊಳ್ಳುವಂಥ ದಾಸ್ತಾನು ಇಲ್ಲ. ಹಳೆಯ ಚಾಳಿನಲ್ಲಿ ಟ್ಯಾಂಕ್ ಇಲ್ಲದ ಮನೆಗಳಿದ್ದವಲ್ಲ, ನಲ್ಲಿಯಲ್ಲಿ ನೀರು ಬಂದರೆ ಅಡುಗೆ, ನಿಂತರೆ ಒಲೆಯೂ ನಿಂತ ಹಾಗೆ. ಮಿದುಳಿನ ಸಂಸಾರ ಅಂಥದ್ದು. ರಕ್ತದಿಂದ ನಿಮಿಷ ನಿಮಿಷಕ್ಕೂ ಸಕ್ಕರೆ ಬರುತ್ತಲೇ ಇರಬೇಕು.

ಇನ್ನೊಂದು ವಿಶೇಷ ಇದೆ. ಮಾಂಸಖಂಡದೊಳಗೆ ಸಕ್ಕರೆ ಹೋಗಬೇಕಾದರೆ ಇನ್ಸುಲಿನ್ ಬಾಗಿಲು ತೆರೆಯಬೇಕು. ಮಿದುಳಿಗೆ ಅದರ ಅಪ್ಪಣೆ ಬೇಕಿಲ್ಲ. ರಕ್ತದಲ್ಲಿ ಸಕ್ಕರೆ ಇಳಿದರೆ ಮಿದುಳಿನಲ್ಲೂ ಇಳಿಯುತ್ತದೆ, ಏರಿದರೆ ಅಲ್ಲಿಯೂ ಏರುತ್ತದೆ. ಹಾಗಾಗಿ ಎರಡೂ ಕಡೆಯ ಪೆಟ್ಟು ಅದಕ್ಕೆ ತಗಲುತ್ತದೆ. ಇಳಿತದ ಪೆಟ್ಟು ನಿಮಿಷಗಳಲ್ಲಿ ತಿಳಿಯುತ್ತದೆ, ಏರಿಕೆಯ ಪೆಟ್ಟು ಸಾಮಾನ್ಯವಾಗಿ ವರ್ಷಗಳ ಮೇಲೆ.

ಸಕ್ಕರೆ ಇಳಿದಾಗ

ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಅದನ್ನು ಲೋ ಶುಗರ್ ಎನ್ನುತ್ತೇವೆ. 54ಕ್ಕಿಂತ ಕೆಳಗಾದರೆ ಮಿದುಳಿಗೆ ನೇರವಾಗಿ ಕಷ್ಟ ಶುರುವಾಗಿದೆ ಎಂದರ್ಥ. ದೇಹ ಮೊದಲು ಎಚ್ಚರಿಕೆ ಕೊಡುತ್ತದೆ. ಕೈ ನಡುಗುತ್ತದೆ, ತಣ್ಣನೆಯ ಬೆವರು ಬರುತ್ತದೆ, ಎದೆ ಡವಡವ ಎನ್ನುತ್ತದೆ, ತಡೆಯಲಾರದ ಹಸಿವಾಗುತ್ತದೆ. ಆಗ ಗಮನಿಸದಿದ್ದರೆ ಎರಡನೆಯ ಹಂತ. ಮಾತು ತೊದಲುತ್ತದೆ, ಕಣ್ಣು ಮಂಜಾಗುತ್ತದೆ, ಹೇಳಿದ್ದು ತಲೆಗೆ ಹೋಗುವುದಿಲ್ಲ, ಕಾರಣವಿಲ್ಲದೆ ಸಿಟ್ಟು ಅಥವಾ ಅಳು ಬರುತ್ತದೆ, ಮಂಪರು ಕವಿಯುತ್ತದೆ. ಅದೂ ಮೀರಿದರೆ ಫಿಟ್ಸ್, ಪ್ರಜ್ಞೆ ತಪ್ಪುವುದು.

ವಯಸ್ಸಾದವರಲ್ಲಿ, ಬಹಳ ವರ್ಷಗಳಿಂದ ಡಯಾಬಿಟೀಸ್ ಇರುವವರಲ್ಲಿ, ಪದೇ ಪದೇ ಸಕ್ಕರೆ ಇಳಿಯುವವರಲ್ಲಿ ಮೊದಲ ಹಂತದ ಎಚ್ಚರಿಕೆ ಮಂಕಾಗಿಬಿಡುತ್ತದೆ. ಬಿಪಿಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಎಂಬ ಗುಂಪಿನ ಮಾತ್ರೆಗಳೂ ನಡುಕ, ಎದೆಬಡಿತವನ್ನು ಮರೆಮಾಚುತ್ತವೆ. ಬೆವರು ಮಾತ್ರ ಸಾಮಾನ್ಯವಾಗಿ ಉಳಿದಿರುತ್ತದೆ. ಇಂಥವರು ನೇರವಾಗಿ ಗೊಂದಲದ ಹಂತಕ್ಕೇ ಹೋಗುತ್ತಾರೆ. ಮನೆಯವರು ಅದನ್ನು ‘ವಯಸ್ಸಾಯಿತು’ ಎಂದುಕೊಳ್ಳುತ್ತಾರೆ.

ಎಪ್ಪತ್ತು ದಾಟಿದ ಒಬ್ಬರು ಅಜ್ಜಿಯನ್ನು ಮಗ ಸೊಸೆ ನನ್ನ ಹತ್ತಿರ ಕರೆತಂದಿದ್ದರು. ‘ಡಾಕ್ಟ್ರೇ, ಇವರಿಗೆ ಮರೆವಿನ ಕಾಯಿಲೆ ಶುರುವಾಗಿದೆ, ಒಳ್ಳೆ ನ್ಯೂರಾಲಜಿಸ್ಟ್ ಹೆಸರು ಕೊಡಿ’ ಅಂತ ಕೇಳಿದರು. ಯಾವ ಹೊತ್ತಿನಲ್ಲಿ ಹೀಗಾಗುತ್ತದೆ ಎಂದು ನಾನು ಕೇಳಿದೆ. ಸೊಸೆ ಯೋಚಿಸಿ ಹೇಳಿದರು, ‘ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ದೀಪ ಹಚ್ಚಿದ್ದನ್ನು ಮರೆತು ಮತ್ತೆ ಹಚ್ಚಲು ಹೋಗುತ್ತಾರೆ, ಮಾತಾಡಿಸಿದರೆ ರೇಗುತ್ತಾರೆ. ಊಟ ಆದ ಮೇಲೆ ಸರಿ ಇರುತ್ತಾರೆ.’ ಅಜ್ಜಿ ಏಳು ಗಂಟೆಗೆ ಗ್ಲಿಮೆಪಿರೈಡ್ ಮಾತ್ರೆ ನುಂಗಿ, ಪೂಜೆ ಮುಗಿಯುವವರೆಗೆ ಒಂದು ಲೋಟ ಕಾಫಿ ಬಿಟ್ಟರೆ ಏನನ್ನೂ ಮುಟ್ಟುತ್ತಿರಲಿಲ್ಲ. ಇನ್ನೊಮ್ಮೆ ಹಾಗಾದಾಗ ಗ್ಲುಕೋಮೀಟರ್‌ನಲ್ಲಿ ನೋಡಿ ಎಂದೆ. ಎರಡು ದಿನದ ಮೇಲೆ ಸೊಸೆ ಫೋನ್ ಮಾಡಿದರು, 48 ಇತ್ತು. ಮಾತ್ರೆ ಬದಲಾಯಿಸಿ, ಪೂಜೆಗೆ ಮೊದಲೇ ಎರಡು ಇಡ್ಲಿಯನ್ನಾದರೂ ತಿನ್ನಬೇಕೆಂದು ಒಪ್ಪಿಸಿದೆವು. ಹನ್ನೊಂದು ಗಂಟೆಯ ಸಿಟ್ಟು ನಿಂತಿತು. ಎಲ್ಲರ ಮರೆವೂ ಹೀಗೆ ಹೋಗುವುದಿಲ್ಲ. ಆದರೆ ದಿನದ ಒಂದು ನಿರ್ದಿಷ್ಟ ಹೊತ್ತಿನಲ್ಲಿ ಬಂದು, ಊಟವಾದ ಮೇಲೆ ಹೋಗುವ ಗೊಂದಲ ಕಂಡರೆ ಮೊದಲು ಸಕ್ಕರೆಯನ್ನು ಅಳೆಯಬೇಕು.

ಉಪವಾಸದ ಪ್ರಶ್ನೆ

ಇಲ್ಲಿ ಸಂಕಷ್ಟಿ ಮಾಡುವವರು, ಏಕಾದಶಿ ಮಾಡುವವರು, ಸೋಮವಾರ, ಶನಿವಾರ ಒಪ್ಪತ್ತು ಮಾಡುವವರು ಅನೇಕರಿದ್ದೀರಿ. ‘ಚಿಕ್ಕಂದಿನಿಂದ ಮಾಡಿಕೊಂಡು ಬಂದಿದ್ದೇನೆ, ಈಗ ಯಾಕೆ ಆಗಬಾರದು?’ ಎಂದು ಕೇಳುತ್ತೀರಿ. ಕಾರಣ ಹೇಳುತ್ತೇನೆ. ಆರೋಗ್ಯವಂತರು ಉಪವಾಸ ಮಾಡಿದಾಗ ದೇಹ ತಾನಾಗಿಯೇ ಇನ್ಸುಲಿನ್ ಇಳಿಸುತ್ತದೆ, ಲಿವರ್ ತನ್ನ ದಾಸ್ತಾನಿನಿಂದ ಸಕ್ಕರೆ ಬಿಡುತ್ತದೆ. ಉಪವಾಸ ಉದ್ದವಾದರೆ ಕೊಬ್ಬು ಕರಗಿ ಕೀಟೋನ್ ಎಂಬ ಇಂಧನ ಹುಟ್ಟುತ್ತದೆ, ಮಿದುಳು ಅದನ್ನೂ ಬಳಸಿಕೊಳ್ಳುತ್ತದೆ. ಆದರೆ ನೀವು ಇನ್ಸುಲಿನ್ ಚುಚ್ಚಿಕೊಂಡಿದ್ದರೆ, ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆ ನುಂಗಿದ್ದರೆ, ಇವತ್ತು ಚತುರ್ಥಿ ಎಂದು ಆ ಔಷಧಕ್ಕೆ ಗೊತ್ತಾಗುವುದಿಲ್ಲ. ಅದು ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ. ಲಿವರ್ ಸಕ್ಕರೆ ಬಿಡುವುದನ್ನೂ, ಕೀಟೋನ್ ಹುಟ್ಟುವುದನ್ನೂ ಅದೇ ಇನ್ಸುಲಿನ್ ತಡೆಯುತ್ತದೆ. ಚಂದ್ರೋದಯಕ್ಕೆ ಕಾಯುತ್ತಾ ಕುಳಿತ ಮಿದುಳಿಗೆ ಎರಡು ದಾರಿಯೂ ಮುಚ್ಚಿಹೋಗಿರುತ್ತವೆ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಬಹಳ ಕಡಿಮೆ. ಆದ್ದರಿಂದ ನಿಮ್ಮ ಮಾತ್ರೆ ಯಾವ ಜಾತಿಯದು ಎನ್ನುವುದು ನಿಮಗೆ ಗೊತ್ತಿರಬೇಕು.

ಉಪವಾಸ ಬಿಟ್ಟುಬಿಡಿ ಎಂದು ನಾನು ಎಲ್ಲರಿಗೂ ಹೇಳುವುದಿಲ್ಲ. ವ್ರತದ ದಿನಕ್ಕೆ ಮೊದಲೇ ಡಾಕ್ಟರನ್ನು ಕೇಳಿ, ಆ ದಿನದ ಡೋಸ್ ಬರೆಸಿಕೊಳ್ಳಿ. ನಡುವೆ ಎರಡು ಮೂರು ಸಲ ಸಕ್ಕರೆ ಅಳೆಯಿರಿ. 70ಕ್ಕಿಂತ ಕೆಳಗೆ ಬಂದರೆ ಆ ಕ್ಷಣವೇ ಉಪವಾಸ ಮುರಿಯಿರಿ. ಕಾಯಿಲೆಯವರಿಗೆ, ವೃದ್ಧರಿಗೆ, ಗರ್ಭಿಣಿಯರಿಗೆ ವಿನಾಯಿತಿ ಕೊಡುವುದು ನಮ್ಮ ಹಿರಿಯರಿಗೂ ಗೊತ್ತಿದ್ದ ರೂಢಿ. ಇನ್ನು ಸಾಬುದಾಣೆ ಖಿಚಡಿ, ಬಟಾಟೆ, ಬಾಳೆಕಾಯಿ ಚಿಪ್ಸ್ ತಿಂದು ಮಾಡುವ ಉಪವಾಸವಿದೆಯಲ್ಲ, ಅದು ಸಕ್ಕರೆಯನ್ನು ಇಳಿಸುವುದಿಲ್ಲ, ಎಂದಿಗಿಂತ ಮೇಲೇರಿಸುತ್ತದೆ.

ಸಕ್ಕರೆ ಇಳಿದರೆ ಏನು ಮಾಡಬೇಕು? ಇದನ್ನು ದಯವಿಟ್ಟು ಬರೆದುಕೊಳ್ಳಿ.

1. ಎಚ್ಚರವಿದ್ದು ನುಂಗಲು ಆಗುವವರಿಗೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, ಅಂದರೆ ಮೂರು ಟೀ ಚಮಚ, ನೀರಿನಲ್ಲಿ ಕಲಸಿ ಕೊಡಿ. 15 ನಿಮಿಷ ಬಿಟ್ಟು ಅಳೆಯಿರಿ. ಇನ್ನೂ 70ರ ಕೆಳಗಿದ್ದರೆ ಮತ್ತೊಮ್ಮೆ ಕೊಡಿ. ಸರಿಯಾದ ಮೇಲೆ ಊಟವೋ ತಿಂಡಿಯೋ ಮಾಡಿಸಿ.

2. ಪೇಡಾ, ಚಾಕೊಲೇಟ್ ಬೇಡ. ಅದರಲ್ಲಿರುವ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ.

3. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ಕೂಡ ತೆಗೆದುಕೊಳ್ಳುವವರಿಗೆ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ. ಸಕ್ಕರೆ ಒಡೆದು ಗ್ಲೂಕೋಸ್ ಆಗುವುದನ್ನೇ ಆ ಮಾತ್ರೆ ನಿಧಾನ ಮಾಡುತ್ತದೆ. ಅವರಿಗೆ ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಗ್ಲೂಕೋಸ್ ಪುಡಿಯೇ ಬೇಕು.

4. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

5. ಮಾತ್ರೆಯಿಂದ ಇಳಿದ ಸಕ್ಕರೆ, ಸರಿಯಾದ ಮೇಲೂ ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯಬಹುದು. ಗೊಂದಲ ಅಥವಾ ಪ್ರಜ್ಞೆ ತಪ್ಪುವ ಮಟ್ಟಕ್ಕೆ ಹೋಗಿದ್ದರೆ, ಈಗ ಹುಷಾರಾಗಿದ್ದಾರೆ ಎಂದು ಮನೆಯಲ್ಲೇ ಉಳಿಸಿಕೊಳ್ಳದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಒಂದೆರಡು ಸಲ ಸ್ವಲ್ಪ ಇಳಿದು ಸರಿಹೋದರೆ ಮಿದುಳಿಗೆ ಕಾಯಂ ಹಾನಿಯಾಯಿತೆಂದು ಹೆದರಬೇಕಾಗಿಲ್ಲ. ಆಸ್ಪತ್ರೆ ಸೇರಬೇಕಾದಷ್ಟು ತೀವ್ರವಾಗಿ ಇಳಿಯುವುದರ ಬಗ್ಗೆ ಚಿಂತೆ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 16,667 ಜನ ಟೈಪ್ 2 ರೋಗಿಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಗೆ ಒಂದು ಸಲ ಆದವರಿಗೆ ಮುಂದೆ ಡಿಮೆನ್ಷಿಯಾ ಬರುವ ಸಂಭವ ಶೇಕಡಾ 26ರಷ್ಟು ಹೆಚ್ಚು, ಮೂರು ಅಥವಾ ಹೆಚ್ಚು ಸಲ ಆದವರಿಗೆ ಹತ್ತಿರ ಹತ್ತಿರ ಎರಡು ಪಟ್ಟು ಎಂದು ಕಂಡುಬಂತು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಆಗಲೇ ಮರೆವು ಶುರುವಾದವರು ಮಾತ್ರೆಯನ್ನು ಎರಡು ಸಲ ನುಂಗುತ್ತಾರೆ, ಊಟ ಮರೆಯುತ್ತಾರೆ, ಅದರಿಂದಲೂ ಸಕ್ಕರೆ ಇಳಿಯುತ್ತದೆ. ಒಂದು ಇನ್ನೊಂದನ್ನು ಬೆಳೆಸುತ್ತದೆ.

ಸಕ್ಕರೆ ಏರಿದಾಗ

ಸಕ್ಕರೆ 250, 300 ಆದ ದಿನ ತಲೆ ಭಾರ, ಆಯಾಸ, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ನಿಮ್ಮಲ್ಲಿ ಕೆಲವರಿಗೆ ಅನುಭವ ಇರಬಹುದು. ವಯಸ್ಸಾದವರಿಗೆ ಜ್ವರ, ಭೇದಿ, ಮೂತ್ರದ ಸೋಂಕು ಬಂದಾಗ ಸಕ್ಕರೆ 600 ದಾಟಿ, ದೇಹದ ನೀರೆಲ್ಲ ಮೂತ್ರದಲ್ಲಿ ಹೋಗಿ, ಮಂಪರು, ಅಸಂಬದ್ಧ ಮಾತು, ಕೊನೆಗೆ ಕೋಮಾ ಆಗಬಹುದು. ಇದು ಪ್ರಾಣಾಪಾಯ. ಡಯಾಬಿಟೀಸ್ ಇರುವ ಹಿರಿಯರು ಎರಡು ಮೂರು ದಿನಗಳಿಂದ ತುಂಬಾ ಬಾಯಾರಿಕೆ, ತುಂಬಾ ಮೂತ್ರ ಎಂದು ಹೇಳಿ ಈಗ ಮಂಕಾಗಿ ಮಲಗಿದ್ದರೆ, ಬೆಳಿಗ್ಗೆ ನೋಡೋಣ ಎಂದು ಕಾಯಬೇಡಿ.

ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣ. ಡಯಾಬಿಟೀಸ್ ಇರುವವರಿಗೆ ಅದರ ಅಪಾಯ ಸುಮಾರು ಎರಡು ಪಟ್ಟು. ಲೋ ಶುಗರ್ ಕೂಡ ಕೆಲವೊಮ್ಮೆ ಹೀಗೆಯೇ ಕಾಣಿಸುತ್ತದೆ. ಸಕ್ಕರೆ ಅಳೆಯಲು ಒಂದು ನಿಮಿಷ ಸಾಕು, ಅಳೆಯುತ್ತಲೇ ಆಂಬುಲೆನ್ಸ್ ಕರೆಯಿರಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ನಮ್ಮ ಊರಿನ ಟ್ರಾಫಿಕ್‌ನಲ್ಲಿ ಅದು ಎಷ್ಟು ಕಡಿಮೆ ಸಮಯ ಎಂದು ನಿಮಗೇ ಗೊತ್ತು.

ಇನ್ನು ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಏನಾಗುತ್ತದೆ? ಕಣ್ಣಿನ ಪರದೆಯ ಸಣ್ಣ ರಕ್ತನಾಳಗಳು ಹಾಳಾಗುವುದನ್ನು ನೀವು ಕೇಳಿದ್ದೀರಿ. ಮಿದುಳಿನ ಆಳದಲ್ಲೂ ಅಂಥವೇ ಸಣ್ಣ ನಾಳಗಳಿವೆ. ಅವು ದಪ್ಪಗಾಗಿ, ಅಲ್ಲಲ್ಲಿ ಮುಚ್ಚಿಕೊಂಡು, ಮಿದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ನರತಂತುಗಳು ಸೊರಗುತ್ತವೆ. ಆಗ ಹೆಸರು ಮರೆಯುವುದಕ್ಕಿಂತ ಮೊದಲು ಯೋಚನೆ ನಿಧಾನವಾಗುತ್ತದೆ. ನಾಲ್ಕು ಒಲೆಯ ಅಡುಗೆಯನ್ನು ಸಲೀಸಾಗಿ ನಿಭಾಯಿಸುತ್ತಿದ್ದವರಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ತಡವರಿಕೆ. ಹಾಲಿನ ಲೆಕ್ಕ ತಪ್ಪುತ್ತದೆ. ಇದರ ಜೊತೆಗೆ, ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಇನ್ಸುಲಿನ್‌ಗೆ ಬೇರೆಯದೇ ಕೆಲಸವಿದೆ. ದೇಹ ಇನ್ಸುಲಿನ್ ಮಾತನ್ನು ಕೇಳದಂತಾದಾಗ ಆ ಕೆಲಸಕ್ಕೂ ತೊಡಕಾಗುತ್ತದೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಅಲ್ಝೈಮರ್ಸ್ ಕಾಯಿಲೆಯನ್ನು ‘ಟೈಪ್ 3 ಡಯಾಬಿಟೀಸ್’ ಎಂದು ಕೆಲವು ವಾಟ್ಸಾಪ್ ಸಂದೇಶಗಳಲ್ಲಿ ಓದಿರುತ್ತೀರಿ. ಅದು ಕೆಲವು ಸಂಶೋಧಕರು ಇಟ್ಟ ಹೆಸರು, ವೈದ್ಯಕೀಯ ಒಪ್ಪಿದ ರೋಗನಿರ್ಣಯವಲ್ಲ.

ಹೆಂಗಸರಾದ ನಾವು ಗಮನಿಸಬೇಕಾದ ಒಂದು ಅಂಶ ಇಲ್ಲಿದೆ. 23 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಡಯಾಬಿಟೀಸ್ ಇರುವವರಿಗೆ ಡಿಮೆನ್ಷಿಯಾದ ಸಂಭವ ಇಲ್ಲದವರಿಗಿಂತ ಸುಮಾರು ಶೇಕಡಾ 60ರಷ್ಟು ಹೆಚ್ಚು ಎಂದು ಕಂಡಿತು. ರಕ್ತನಾಳಗಳ ತೊಂದರೆಯಿಂದ ಬರುವ ಡಿಮೆನ್ಷಿಯಾದಲ್ಲಿ ಮಾತ್ರ, ಡಯಾಬಿಟೀಸ್ ಕೊಡುವ ಪೆಟ್ಟು ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಸಂಭವ ಹೆಚ್ಚು ಎಂದರೆ ಬಂದೇ ಬರುತ್ತದೆ ಎಂದಲ್ಲ. ಡಯಾಬಿಟೀಸ್ ಇರುವ ಬಹಳಷ್ಟು ಜನ ಕೊನೆಯವರೆಗೂ ಚುರುಕಾಗಿಯೇ ಇರುತ್ತಾರೆ. ಆದರೆ ಮನೆಯ ಎಲ್ಲರ ಮಾತ್ರೆಯ ಡಬ್ಬಿ ತುಂಬಿಸಿ, ತನ್ನ ಪರೀಕ್ಷೆಯನ್ನು ಮಾತ್ರ ‘ಮುಂದಿನ ತಿಂಗಳು’ ಎನ್ನುವ ನಮ್ಮ ಅಭ್ಯಾಸಕ್ಕೆ ಈ ಅಂಕಿ ಸಾಕಷ್ಟು ಉತ್ತರ ಕೊಡುತ್ತದೆ.

ಮಿದುಳನ್ನು ಕಾಪಾಡಿಕೊಳ್ಳುವುದು

ಹಾಗಾದರೆ ಸಕ್ಕರೆಯನ್ನು ಎಷ್ಟು ಇಳಿಸಿದರೆ ಅಷ್ಟು ಒಳ್ಳೆಯದೇ? ಅಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 10,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಕಾರ್ಡ್ ಎಂಬ ಪ್ರಯೋಗದಲ್ಲಿ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗಿಳಿಸಲು ಬಲವಾಗಿ ಪ್ರಯತ್ನಿಸಿದರು. ಆ ಗುಂಪಿನಲ್ಲಿ ಸಾವು ಹೆಚ್ಚಾಗಿ 2008ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನೆನಪಿನ ಶಕ್ತಿಯೂ ಅದರಿಂದ ಉತ್ತಮವಾಗಲಿಲ್ಲ. ಎಚ್‌ಬಿಎ1ಸಿ ಎಂದರೆ ಸುಮಾರು ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ. ಸಾಮಾನ್ಯವಾಗಿ 7ರ ಆಸುಪಾಸಿನಲ್ಲಿ ಇರಲಿ ಎನ್ನುತ್ತೇವೆ. ಎಂಬತ್ತರ ಅಜ್ಜಿಗೆ, ಬಡಕಲಾದವರಿಗೆ, ಮರೆವು ಶುರುವಾದವರಿಗೆ 8ರವರೆಗೆ ಇದ್ದರೂ ಒಪ್ಪುತ್ತೇವೆ. ಅವರ ರಿಪೋರ್ಟಿನಲ್ಲಿ 6 ನೋಡಿ ಹಿಗ್ಗುವ ಮೊದಲು, ಸಕ್ಕರೆ ಎಲ್ಲಾದರೂ ಇಳಿಯುತ್ತಿದೆಯೇ ಎಂದು ಕೇಳಬೇಕು. ಮಾತ್ರೆ ಕಡಿಮೆ ಮಾಡಬಹುದೇ ಎಂದು ಡಾಕ್ಟರನ್ನು ಕೇಳುವುದು ಅವಿಧೇಯತೆಯಲ್ಲ.

ಸಕ್ಕರೆಯಷ್ಟೇ ಬಿಪಿಯೂ ಮುಖ್ಯ. ನಡುವಯಸ್ಸಿನಿಂದಲೇ ಬಿಪಿ ಹತೋಟಿಯಲ್ಲಿಟ್ಟರೆ ಮಿದುಳಿನ ಸಣ್ಣ ನಾಳಗಳು ಉಳಿಯುತ್ತವೆ. ಲ್ಯಾನ್ಸೆಟ್ ಆಯೋಗ 2024ರಲ್ಲಿ ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ಡಯಾಬಿಟೀಸ್, ಬಿಪಿ, ಕೊಲೆಸ್ಟ್ರಾಲ್, ವ್ಯಾಯಾಮವಿಲ್ಲದಿರುವುದು ಅದರಲ್ಲಿವೆ. ಕಿವಿ ಕೇಳಿಸದಿರುವುದು, ಖಿನ್ನತೆ, ಒಂಟಿತನ ಕೂಡ ಅದರಲ್ಲಿವೆ. ಅಂದರೆ ಅತ್ತೆಗೆ ಹಿಯರಿಂಗ್ ಏಡ್ ಹಾಕಿಸುವುದೂ, ಅವರನ್ನು ಸಂಘದ ಭಜನೆಗೆ ಕರೆತರುವುದೂ ಚಿಕಿತ್ಸೆಯ ಭಾಗವೇ.

ಮರೆವು ಕಂಡಾಗ ಇನ್ನೂ ಮೂರು ವಿಷಯ ಪರೀಕ್ಷಿಸಬೇಕು. ಒಂದು, ಬಿ12. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಬಿ12 ಇಳಿಯಬಹುದು. ಶುದ್ಧ ಸಸ್ಯಾಹಾರಿಗಳಿಗೆ ಮೊದಲೇ ಅದು ಕಡಿಮೆ. ಕೊರತೆಯಿಂದ ಮರೆವು, ಕಾಲು ಜೋಮು ಬರುತ್ತದೆ, ಔಷಧದಿಂದ ತುಂಬಬಹುದು. ಮೆಟ್‌ಫಾರ್ಮಿನ್ ಅನ್ನು ನೀವಾಗಿ ನಿಲ್ಲಿಸಬೇಡಿ, ಪರೀಕ್ಷೆ ಮಾಡಿಸಿ ಅಷ್ಟೆ. ಎರಡು, ಥೈರಾಯ್ಡ್. ಮೂರು, ಖಿನ್ನತೆ. ಡಯಾಬಿಟೀಸ್ ಇರುವವರಲ್ಲಿ ಅದು ಹೆಚ್ಚು ಕಾಣುತ್ತದೆ, ಮೇಲ್ನೋಟಕ್ಕೆ ಮರೆವಿನಂತೆಯೇ ಇರುತ್ತದೆ.

ನಮ್ಮಂಥ ಹೊರನಾಡಿನ ಕನ್ನಡಿಗರಿಗೆ ಮಾತ್ರ ಇರುವ ಒಂದು ತೊಂದರೆಯನ್ನು ಹೇಳಬೇಕು. ಗದಗದಲ್ಲೋ ಕುಂದಾಪುರದಲ್ಲೋ ಐವತ್ತು ವರ್ಷ ಸಂಸಾರ ಮಾಡಿದ ಅಮ್ಮನನ್ನು ನಾವು ಇಲ್ಲಿಯ ಏಳನೆಯ ಮಹಡಿಗೆ ಕರೆತರುತ್ತೇವೆ. ಅವರಿಗೆ ಮರಾಠಿ ಬರುವುದಿಲ್ಲ, ಹಿಂದಿ ಅಷ್ಟಕ್ಕಷ್ಟೆ. ಆಸ್ಪತ್ರೆಯಲ್ಲಿ ‘ಆಜ್ ಕೌನ್ ಸಾ ದಿನ್ ಹೈ?’ ಎಂದು ಕೇಳಿದರೆ ಸುಮ್ಮನಿರುತ್ತಾರೆ. ಅದು ಗೊಂದಲವೋ, ಭಾಷೆ ಬರದ ಮೌನವೋ ಕೇಳಿದವರಿಗೆ ತಿಳಿಯುವುದಿಲ್ಲ. ಚೆನ್ನಾಗಿರುವವರಿಗೆ ಡಿಮೆನ್ಷಿಯಾ ಎಂಬ ಚೀಟಿ ಅಂಟಬಹುದು, ನಿಜವಾದ ಲೋ ಶುಗರ್ ಗಮನಕ್ಕೇ ಬರದೆ ಹೋಗಬಹುದು. ಅಮ್ಮ ಎಂದಿನಂತೆ ಮಾತಾಡುತ್ತಿಲ್ಲ ಎನ್ನುವುದನ್ನು ಕನ್ನಡದಲ್ಲಿ ಹೇಳಬಲ್ಲವರು ನೀವು ಮಾತ್ರ. ಪರೀಕ್ಷೆಯ ಹೊತ್ತಿಗೆ ಜೊತೆಯಲ್ಲಿರಿ. ನೆನಪಿನ ಪರೀಕ್ಷೆಯನ್ನು ಅವರ ಭಾಷೆಯಲ್ಲೇ ಮಾಡಿಸಿ ಎಂದು ಕೇಳಿ. ಐಸಿಎಂಆರ್ ಭಾರತೀಯ ಭಾಷೆಗಳಲ್ಲಿ ರೂಪಿಸಿದ ಪರೀಕ್ಷಾಮಾಲೆಯಲ್ಲಿ ಕನ್ನಡವೂ ಇದೆ.

ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳು

ಸಕ್ಕರೆ ಬದಲು ಬೆಲ್ಲ, ಜೇನುತುಪ್ಪ ಬಳಸಬಹುದೇ?
ರಕ್ತಕ್ಕೆ ಸೇರಿದ ಮೇಲೆ ಎಲ್ಲವೂ ಸಕ್ಕರೆಯೇ. ಬೆಲ್ಲದ ಪಾಯಸ ಎಂದು ಎರಡನೆಯ ಬಟ್ಟಲು ಹಾಕಿಸಿಕೊಳ್ಳಬೇಡಿ.

ನೆನಪಿಗೆ ಬ್ರಾಹ್ಮಿ, ಒಂದೆಲಗ ತಿನ್ನಬಹುದೇ?
ಒಂದೆಲಗದ ತಂಬುಳಿ ಧಾರಾಳವಾಗಿ ಮಾಡಿ ಉಣ್ಣಿ, ರುಚಿಯಾಗಿರುತ್ತದೆ. ಆದರೆ ಅದನ್ನು ನಂಬಿ ಬಿಪಿ, ಶುಗರ್ ಮಾತ್ರೆ ಬಿಡಬೇಡಿ.

ರಾತ್ರಿ ನಿದ್ರೆಯಲ್ಲಿ ಸಕ್ಕರೆ ಇಳಿದರೆ ಹೇಗೆ ತಿಳಿಯುವುದು?
ಕೆಟ್ಟ ಕನಸು, ನೈಟಿ ತೊಯ್ಯುವಷ್ಟು ಬೆವರು, ಬೆಳಿಗ್ಗೆ ಎದ್ದಾಗ ತಲೆನೋವು ಇದ್ದರೆ ಅನುಮಾನಿಸಿ. ಒಂದೆರಡು ರಾತ್ರಿ ಮೂರು ಗಂಟೆಗೆ ಎದ್ದು ಅಳೆದು ನೋಡಿ, ಡಾಕ್ಟರಿಗೆ ತಿಳಿಸಿ.

ಶುಗರ್ ಹತೋಟಿಗೆ ಬಂದರೆ ಹೋದ ನೆನಪು ಮರಳುತ್ತದೆಯೇ?
ಏರಿಳಿತದಿಂದ, ಬಿ12 ಕೊರತೆಯಿಂದ, ಖಿನ್ನತೆಯಿಂದ ಆದ ಮರೆವು ಬಹಳಷ್ಟು ಸುಧಾರಿಸುತ್ತದೆ. ರಕ್ತನಾಳ ಮುಚ್ಚಿ ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಮುಂದಿನ ಹಾನಿಯನ್ನು ನಿಧಾನ ಮಾಡಬಹುದು. ಹಾಗಾಗಿ ನಲವತ್ತೈದು, ಐವತ್ತರಲ್ಲಿ ಇರುವವರು, ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದವರು, ಕಾಯದೆ ಈಗಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕೊನೆಯದಾಗಿ ಒಂದು ಮನೆಪಾಠ ಕೊಡುತ್ತೇನೆ. ಇವತ್ತು ಮನೆಗೆ ಹೋದ ಮೇಲೆ ಒಂದು ಕಾಗದ ತೆಗೆದುಕೊಳ್ಳಿ. ಅಮ್ಮನದೋ ಅತ್ತೆಯದೋ ನಿಮ್ಮದೋ, ಎಲ್ಲ ಮಾತ್ರೆಗಳ ಹೆಸರು, ಡೋಸ್, ತೆಗೆದುಕೊಳ್ಳುವ ಹೊತ್ತು ಬರೆಯಿರಿ. ಕೆಳಗೆ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಒಂದು ಸಾಲು ಸೇರಿಸಿ: ‘ನನಗೆ ಡಯಾಬಿಟೀಸ್ ಇದೆ, ನಾನು ಗೊಂದಲದಲ್ಲಿದ್ದರೆ ಮೊದಲು ಸಕ್ಕರೆ ಅಳೆಯಿರಿ, ನನ್ನ ಮಾತು ಕನ್ನಡ.’ ಒಂದು ಪ್ರತಿ ಫ್ರಿಜ್ ಮೇಲೆ, ಒಂದು ಪ್ರತಿ ಪರ್ಸಿನಲ್ಲಿ ಇರಲಿ. ಪಕ್ಕದ ಮನೆಯವರಿಗೂ, ಕೆಲಸಕ್ಕೆ ಬರುವ ಬಾಯಿಗೂ ಗ್ಲೂಕೋಸ್ ಡಬ್ಬಿ ಎಲ್ಲಿದೆ ಎಂದು ತೋರಿಸಿ. ನಾವು ಆಫೀಸಿಗೆ ಹೋದ ಹೊತ್ತಿನಲ್ಲಿ ಬಾಗಿಲು ತೆರೆಯುವವರು ಅವರೇ.

 ಹೊರಗೆ ಉಪ್ಪಿಟ್ಟು, ಚಹಾ ಸಿದ್ಧವಿದೆಯಂತೆ. ಮಧ್ಯಾಹ್ನದ ಮಾತ್ರೆ ನುಂಗಿದವರು ಮೊದಲು ಹೋಗಿ ತಟ್ಟೆ ಹಿಡಿಯಿರಿ.